ಹೊಲದ ಲೆಕ್ಕ ಕಲಿಸಿದ ಪ್ರಾಧ್ಯಾಪಕ ಮಹಾಲನೋಬಿಸ್

ನರಗುಂದದ ಎರೆ ಹೊಲಗಳಲ್ಲಿ ಹೆಸರು, ಕಡಲೆ ರಾಶಿಗೆ ಬಂದಾಗ ಸಿಬ್ಬಂದಿ ಬಂದು 5 ಮೀಟರ್ ಉದ್ದ, 5 ಮೀಟರ್ ಅಗಲದ ತುಂಡು ಅಳೆದು, ಅಷ್ಟನ್ನೇ ಕೊಯ್ದು ತೂಗುವುದನ್ನು ರೈತರು ಕಂಡೇ ಇದ್ದಾರೆ. ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಗೆ ಇಂಥ 4 ಪ್ರಯೋಗ ನಡೆಯಬೇಕು. ಸ್ವಲ್ಪವನ್ನು ಅಳೆದು ಇಡಿಯದನ್ನು ಅಂದಾಜು ಮಾಡುವ ಈ ಪದ್ಧತಿಯನ್ನು ನಮ್ಮ ದೇಶದಲ್ಲಿ ಬೇರೂರಿಸಿದವರಲ್ಲಿ ಪ್ರಮುಖರು ಪ್ರಶಾಂತಚಂದ್ರ ಮಹಾಲನೋಬಿಸ್.

ಅವರು ಹುಟ್ಟಿದ್ದು ಕಲಕತ್ತೆಯಲ್ಲಿ, 1893ರ ಜೂನ್ 29ರಂದು. ಕೇಂಬ್ರಿಜ್‌ನಲ್ಲಿ ಓದಿದ್ದು ಭೌತಶಾಸ್ತ್ರ. ಮೊದಲ ಮಹಾಯುದ್ಧದಿಂದಾಗಿ ಊರಿಗೆ ಮರಳುವ ಹಡಗು ತಡವಾಯಿತು. ಆ ಬಿಡುವಿನಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರ ಸಂಪುಟಗಳು ಕಣ್ಣಿಗೆ ಬಿದ್ದವು. ಅವನ್ನು ಕೊಂಡು ತಂದರು, ದಾರಿಯುದ್ದಕ್ಕೂ ಓದಿದರು. ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ಈ ಹೊಸ ವಿದ್ಯೆಯ ಬೆನ್ನು ಹತ್ತಿದರು.

1926ರಲ್ಲಿ ಒರಿಸ್ಸಾದ ಬ್ರಾಹ್ಮಣಿ ನದಿಗೆ ಮಹಾಪೂರ ಬಂತು. ನದಿಯ ತಳ ಏರಿದೆ, ಒಡ್ಡು ಎತ್ತರಿಸಬೇಕು ಎಂಬುದು ಎಂಜಿನಿಯರರ ಮತವಾಗಿತ್ತು. ಮಹಾಲನೋಬಿಸ್ ಸುಮಾರು 60 ವರ್ಷಗಳ ಮಳೆ, ಪ್ರವಾಹದ ದಾಖಲೆ ತೆಗೆದು ನೋಡಿ, ತಳ ಏರಿಲ್ಲ, ಮೇಲಿನ ಜಲಾನಯನದಲ್ಲಿ ಸುರಿದ ಅತಿವೃಷ್ಟಿಯೇ ಕಾರಣ ಎಂದು ತೋರಿಸಿದರು.

1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದರು. 1937ರಿಂದ ಬಂಗಾಲದಲ್ಲಿ ಸೆಣಬಿನ ಸಮೀಕ್ಷೆ ನಡೆಯಿತು. ಪ್ರತಿ ಹೊಲವನ್ನೂ ನೋಡುವುದಕ್ಕೆ ಹಣವೂ ಸಾಲದು, ಕಾಲವೂ ಸಾಲದು. ಆದ್ದರಿಂದ ಚೀಟಿ ಎತ್ತಿದ ಹಾಗೆ, ಯಾರ ಇಷ್ಟಕ್ಕೂ ಬಿಡದೆ ಹೊಲಗಳನ್ನು ಆರಿಸಿದರು. ಒಂದೇ ಸೀಮೆಗೆ ಎರಡು ತಂಡಗಳನ್ನು ಬೇರೆ ಬೇರೆಯಾಗಿ ಕಳಿಸಿದರು. ಇಬ್ಬರ ಲೆಕ್ಕದಲ್ಲಿ ಬಹಳ ಅಂತರ ಬಂದರೆ ಎಲ್ಲೋ ತಪ್ಪಿದೆ ಎಂದು ತಿಳಿಯುತ್ತಿತ್ತು.

ಆದರೆ ಎಷ್ಟು ಹೊಲ ನೋಡಿದರೆ ಸಾಕು? ಇದಕ್ಕೆ ಆಧಾರ ಗಂಟೆಯಾಕಾರದ ರೇಖೆ. ಬಹಳಷ್ಟು ಹೊಲಗಳ ಇಳುವರಿ ಸರಾಸರಿಯ ಹತ್ತಿರ ಇರುತ್ತದೆ; ದೂರ ಹೋದಂತೆ ಹೊಲಗಳು ವಿರಳ.

ಒಂದು ಊಹೆಯ ಲೆಕ್ಕ ನೋಡಿ. ಪಂಚಾಯಿತಿಯ ನಿಜವಾದ ಸರಾಸರಿ ಎಕರೆಗೆ ಮೂರೂವರೆ ಕ್ವಿಂಟಲ್ ಹೆಸರು. ಏರಿಳಿತದ ಅಳತೆ ಒಂದು ಕ್ವಿಂಟಲ್. ಅಂದರೆ 100 ಹೊಲಗಳಲ್ಲಿ ಸುಮಾರು 68 ಹೊಲಗಳ ಇಳುವರಿ ಎರಡೂವರೆಯಿಂದ ನಾಲ್ಕೂವರೆಯ ಒಳಗೆ. 4 ತುಂಡುಗಳ ಸರಾಸರಿ ತೆಗೆದರೆ ಈ ಏರಿಳಿತ ಅರ್ಧಕ್ಕೆ ಇಳಿಯುತ್ತದೆ. 16 ತುಂಡುಗಳಾದರೆ ಕಾಲು ಭಾಗಕ್ಕೆ. ಈಗ ಖಾತರಿ ಇಳುವರಿ 4 ಕ್ವಿಂಟಲ್ ಎನ್ನಿ. ಬೆಳೆ ನಿಜವಾಗಿ ಕಡಿಮೆಯಾಗಿದ್ದರೂ, ನಾಲ್ಕೇ ತುಂಡು ಅಳೆದಾಗ ಸರಾಸರಿ 4 ದಾಟಿ ಪರಿಹಾರ ತಪ್ಪುವ ಸಂಭವ 100ಕ್ಕೆ ಸುಮಾರು 16. 16 ತುಂಡು ಅಳೆದರೆ ಅದು 100ಕ್ಕೆ ಸುಮಾರು 2. ಅದೃಷ್ಟ ರೈತನ ಕಡೆಗೂ ವಾಲಬಹುದು, ಅದು ಬೇರೆ ಮಾತು. ಆದರೆ ರಸ್ತೆ ಪಕ್ಕದ ಹುಲುಸಾದ ಹೊಲವನ್ನೇ ಹುಡುಕಿ ಅಳೆದರೆ, ತುಂಡುಗಳನ್ನು ಎಷ್ಟು ಹೆಚ್ಚಿಸಿದರೂ ಲೆಕ್ಕ ಸರಿಹೋಗದು.

ಮಹಾಲನೋಬಿಸ್ ಹೇಳಿದ್ದೆಲ್ಲ ನಿಂತಿತೆಂದಲ್ಲ. ಬೆಳೆ ಕೊಯ್ಯಲು ಅವರು ಸಣ್ಣ ಸಣ್ಣ ವೃತ್ತಗಳು ಸಾಕೆಂದರು. ಪಿ. ವಿ. ಸುಖಾತ್ಮೆ ಒಪ್ಪಲಿಲ್ಲ: ತುಂಡು ಸಣ್ಣದಾದರೆ ಅಂಚಿನ ಗಿಡಗಳು ಒಳಗೆ ಸೇರಿ ಇಳುವರಿ ಹೆಚ್ಚಾಗಿ ಕಾಣುತ್ತದೆ ಎಂಬುದು ಅವರ ತಕರಾರು. ಈ ವಿಷಯದಲ್ಲಿ ಸುಖಾತ್ಮೆಯವರದೇ ಸರಿ ಎನ್ನಬೇಕು.

ತುಂಗಭದ್ರೆಯಾಚೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿ, ಮುಂದೆ ಜಗತ್ಪ್ರಸಿದ್ಧರಾದ ಸಿ. ಆರ್. ರಾವ್ ತರಬೇತಿಗೆ ಸೇರಿದ್ದು ಮಹಾಲನೋಬಿಸರ ಸಂಸ್ಥೆಗೇ. 1950ರಲ್ಲಿ ರಾಷ್ಟ್ರೀಯ ನಮೂನೆ ಸಮೀಕ್ಷೆ ಆರಂಭವಾಯಿತು. ಎರಡನೆಯ ಪಂಚವಾರ್ಷಿಕ ಯೋಜನೆಯ ರೂಪುರೇಷೆಯಲ್ಲೂ ಮಹಾಲನೋಬಿಸರ ಕೈ ಇತ್ತು. 1968ರಲ್ಲಿ ಪದ್ಮವಿಭೂಷಣ ಬಂತು. 79 ತುಂಬಲು ಒಂದು ದಿನ ಇರುವಾಗ, 1972ರ ಜೂನ್ 28ರಂದು ತೀರಿಕೊಂಡರು. 2007ರಿಂದ ಅವರ ಹುಟ್ಟುಹಬ್ಬವನ್ನು ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸಲಾಗುತ್ತಿದೆ. ಆ ಹೊತ್ತಿಗೆ ನಮ್ಮ ಸೀಮೆಯಲ್ಲಿ ಮುಂಗಾರಿನ ಹೆಸರು ಇನ್ನೂ ಎಳೆಯ ಪೈರು.