ನೀರು ಬೆಳಗಿದ ಮನೆ

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ನಾರ್ತಂಬರ್‌ಲೆಂಡ್ ಎಂಬ ಪ್ರಾಂತ್ಯವಿದೆ. ಅಲ್ಲಿಯ ರಾತ್‌ಬರಿ ಎಂಬ ಊರಿನ ಬಳಿ, ಬಂಡೆಗಳಿಂದ ಕೂಡಿದ ಬೆಟ್ಟದ ಇಳಿಜಾರಿನಲ್ಲಿ ಕ್ರ್ಯಾಗ್‌ಸೈಡ್ ಎಂಬ ಭವ್ಯ ಭವನವೊಂದು ನಿಂತಿದೆ. ಜಲವಿದ್ಯುತ್ತಿನಿಂದ ಬೆಳಗಿದ ಜಗತ್ತಿನ ಮೊದಲ ಮನೆಯೆಂಬ ಕೀರ್ತಿ ಇದರದು. ಇದನ್ನು ಕಟ್ಟಿಸಿದವನು ವಿಲಿಯಂ ಜಾರ್ಜ್ ಆರ್ಮ್‌ಸ್ಟ್ರಾಂಗ್.

1810ರಲ್ಲಿ ನ್ಯೂಕಾಸಲ್ ನಗರದಲ್ಲಿ ಜನಿಸಿದ ಆರ್ಮ್‌ಸ್ಟ್ರಾಂಗನು ತಂದೆಯ ಇಚ್ಛೆಯಂತೆ ನ್ಯಾಯಶಾಸ್ತ್ರವನ್ನು ಅಭ್ಯಸಿಸಿ ವಕೀಲನಾದನು. ಆದರೆ ಆತನ ಮನಸ್ಸು ಯಂತ್ರಗಳ ಕಡೆಗೇ ಒಲಿದಿತ್ತು. ಒಮ್ಮೆ ಮೀನು ಹಿಡಿಯಲು ಹೊಳೆಯ ದಡಕ್ಕೆ ಹೋಗಿದ್ದಾಗ, ತಿರುಗುತ್ತಿದ್ದ ನೀರಿನ ಚಕ್ರವೊಂದು ಆತನ ಕಣ್ಣಿಗೆ ಬಿದ್ದಿತು. ನೀರಿನ ಶಕ್ತಿಯಲ್ಲಿ ಅಲ್ಪಭಾಗ ಮಾತ್ರ ಚಕ್ರವನ್ನು ತಿರುಗಿಸಿ, ಉಳಿದುದೆಲ್ಲ ವ್ಯರ್ಥವಾಗುತ್ತಿತ್ತು. ಈ ನೋಟವೇ ಆತನ ಬಾಳಿನ ದಿಕ್ಕನ್ನು ಬದಲಿಸಿತು. ನೀರಿನ ಒತ್ತಡದಿಂದ ಭಾರವನ್ನೆತ್ತುವ ಯಂತ್ರವನ್ನು ರಚಿಸಿ, 1847ರಲ್ಲಿ ವಕೀಲಿಯನ್ನು ತೊರೆದು, ಟೈನ್ ನದಿಯ ದಡದ ಎಲ್ಸ್‌ವಿಕ್‌ನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದನು. ಮುಂದೆ ಅಲ್ಲಿ ತಯಾರಾದ ಫಿರಂಗಿಗಳು ಆತನಿಗೆ ಅಪಾರ ಸಂಪತ್ತನ್ನು ತಂದುಕೊಟ್ಟವು.

ಕಲ್ಲಿದ್ದಲಿನ ಸಂಗ್ರಹವು ಅಕ್ಷಯವಲ್ಲವೆಂದು ಆತನು 1863ರಲ್ಲಿಯೇ ವಿಜ್ಞಾನಿಗಳ ಸಭೆಯಲ್ಲಿ ಎಚ್ಚರಿಸಿದನು. ಅದೇ ವರ್ಷ ರಾತ್‌ಬರಿಯ ಬಳಿ ಜಮೀನನ್ನು ಕೊಂಡು, ವಿಶ್ರಾಂತಿಗೆಂದು ಸಣ್ಣ ಮನೆಯೊಂದನ್ನು ಕಟ್ಟಿಸತೊಡಗಿದನು. 1869ರಲ್ಲಿ ಅದನ್ನು ವಿಸ್ತರಿಸುವ ಕೆಲಸವನ್ನು ರಿಚರ್ಡ್ ನಾರ್ಮನ್ ಷಾ ಎಂಬ ವಾಸ್ತುಶಿಲ್ಪಿಗೆ ಒಪ್ಪಿಸಿದನು. ಷಾ ಬೆಟ್ಟವನ್ನು ಸಮತಟ್ಟುಗೊಳಿಸದೆ, ಅದರ ಏರಿಳಿತಗಳಿಗೆ ಹೊಂದುವಂತೆ ಗೋಪುರ, ಕಡಿದಾದ ಮಾಡು, ಎತ್ತರದ ಹೊಗೆಗೂಡುಗಳನ್ನು ರಚಿಸಿದನು. ಕಟ್ಟಡವು ಹಂತಹಂತವಾಗಿ ಹತ್ತು ವರ್ಷಗಳಿಗೂ ಮೀರಿ ಬೆಳೆಯಿತು. ಬೋಳಾಗಿದ್ದ ಗುಡ್ಡಗಳಲ್ಲಿ ಆರ್ಮ್‌ಸ್ಟ್ರಾಂಗನು ಲಕ್ಷಾಂತರ ಮರಗಳನ್ನು ನೆಡಿಸಿದನು. ತೊರೆಗಳಿಗೆ ಅಡ್ಡಗಟ್ಟೆ ಹಾಕಿಸಿ ಕೆರೆಗಳನ್ನು ನಿರ್ಮಿಸಿದನು. ಆ ನೀರಿನ ಬಲದಿಂದ ಮನೆಯ ಲಿಫ್ಟು ಮೇಲೇರಿತು. ಅಡಿಗೆಮನೆಯಲ್ಲಿ ಮಾಂಸವನ್ನು ಸುಡುವ ಸಲಾಕಿ ತಿರುಗಿತು. 1878ರಲ್ಲಿ ಚಿತ್ರಶಾಲೆಯಲ್ಲಿ ಜಲವಿದ್ಯುತ್ತಿನ ದೀಪ ಬೆಳಗಿತು. 1880ರಲ್ಲಿ ಆತನ ಮಿತ್ರ ಜೋಸೆಫ್ ಸ್ವಾನ್ ನಿರ್ಮಿಸಿದ ಗಾಜಿನ ಬುರುಡೆಗಳು ಮನೆಯನ್ನು ಬೆಳಗಿದವು.

ಆದರೆ ಈ ಬೆಳಕಿಗೆ ಒಂದು ನೆರಳೂ ಉಂಟು. ಈ ಭವನವನ್ನು ಕಟ್ಟಿದ ಹಣದಲ್ಲಿ ಯುದ್ಧದ ಆಯುಧಗಳಿಂದ ಬಂದುದೂ ಸೇರಿತ್ತು. ದಿನಕ್ಕೆ ಒಂಬತ್ತು ಗಂಟೆಗಳ ದುಡಿಮೆ ಸಾಕೆಂದು 1871ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದಾಗ ಆರ್ಮ್‌ಸ್ಟ್ರಾಂಗನು ಅವರನ್ನು ವಿರೋಧಿಸಿದನು. ತಿಂಗಳುಗಳ ಹೋರಾಟದ ಬಳಿಕ ಕಾರ್ಮಿಕರೇ ಗೆದ್ದರು. ಹರಿಯುವ ನೀರಿನಲ್ಲಿ ವ್ಯರ್ಥವಾಗುವ ಶಕ್ತಿಯನ್ನು ಕಂಡ ಆ ಕಣ್ಣಿಗೆ, ದುಡಿಯುವವರ ದಣಿವು ಅಷ್ಟು ಸುಲಭವಾಗಿ ಕಾಣಲಿಲ್ಲ.

1900ರ ಡಿಸೆಂಬರಿನಲ್ಲಿ ಆರ್ಮ್‌ಸ್ಟ್ರಾಂಗನು ಕ್ರ್ಯಾಗ್‌ಸೈಡಿನಲ್ಲಿಯೇ ಕಣ್ಮುಚ್ಚಿದನು. 1977ರಲ್ಲಿ ಆ ಮನೆ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶಕ್ಕೆ ಬಂದಿತು. ಒಬ್ಬನ ವಿಶ್ರಾಂತಿಗಾಗಿ ಕಟ್ಟಿದ ಮನೆ ಹೀಗೆ ಎಲ್ಲರೂ ನೋಡಿ ಕಲಿಯಬಹುದಾದ ತಾಣವಾಯಿತು.