ಮಿನಿಯೆ ಮತ್ತು ಗುಂಡಿನ ಗ್ರೀಸು

ಲೂಬ್ರಿಕೇಶನ್ ಅಂದ್ರೆ ನಮಗೆ ಬೇರಿಂಗು, ಗೇರುಗಳೇ ನೆನಪಾಗೋದು. ಆದರೆ ಬಂದೂಕಿನ ಗುಂಡಿಗೂ ಗ್ರೀಸು ಬೇಕು. ಆ ಕಥೆ ಕ್ಲೋದ್ ಎತಿಯೆನ್ ಮಿನಿಯೆ ಅವರದ್ದು.

1804ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಇವರು ಫ್ರೆಂಚ್ ಸೈನ್ಯದಲ್ಲಿ ಕ್ಯಾಪ್ಟನ್ ಆದರು. ಆಗ ರೈಫಲ್ಲಿನ ನಳಿಗೆಗೆ ಗುಂಡನ್ನು ಬಡಿದು ಇಳಿಸಬೇಕಿತ್ತು. 1849ರಲ್ಲಿ ಮಿನಿಯೆ ಕೊಂಚ ಸಣ್ಣ ಸೀಸದ ಗುಂಡು ಮಾಡಿದರು. ಅದು ಸಲೀಸಾಗಿ ಇಳಿಯುತ್ತಿತ್ತು, ಮದ್ದು ಸಿಡಿದಾಗ ಟೊಳ್ಳು ತಳ ಹಿಗ್ಗಿ ನಳಿಗೆಯ ಗೆರೆಗಳನ್ನು ಹಿಡಿಯುತ್ತಿತ್ತು. ಮದ್ದಿನ ಮಸಿ ಗಟ್ಟಿಯಾಗಿ ಕಟ್ಟದಿರಲಿ ಅಂತ ಗುಂಡಿನ ಗ್ರೂವ್‌ಗಳಿಗೆ ಗ್ರೀಸು ತುಂಬುತ್ತಿದ್ದರು.

ಬ್ರಿಟಿಷರ 1853ರ ಎನ್‌ಫೀಲ್ಡ್ ಇದೇ ತತ್ವದ್ದು. ಅದರ ಕಾಗದದ ತೋಟಾಗಳನ್ನು ಕಾಯಿಸಿದ ಕೊಬ್ಬು, ಜೇನುಮೇಣದಲ್ಲಿ ಅದ್ದುತ್ತಿದ್ದರು. ಬರೀ ಕೊಬ್ಬು ನಮ್ಮ ಹರಪನಹಳ್ಳಿ, ಕೊಟ್ಟೂರಿನ ಬಿಸಿಲಿಗೇ ಮೆತ್ತಗಾಗುತ್ತೆ. ಜೇನುಮೇಣ ಕರಗೋಕೆ ಸುಮಾರು 62 ಡಿಗ್ರಿ ಬೇಕು. ಈಗಲೂ ಗಟ್ಟಿ ಗ್ರೀಸು ತುಂಬುವ ಪ್ರೆಸ್ಸಿಗೆ ಹೀಟರ್ ಇಡೋದು ಇದಕ್ಕೇ: ಬಿಸಿಯಾಗದಿದ್ದರೆ ಅದು ಗ್ರೂವ್‌ಗೆ ಹರಿಯಲ್ಲ.

ಆ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಅದರಲ್ಲಿ ದನ, ಹಂದಿಯ ಕೊಬ್ಬಿದೆ ಅನ್ನೋ ಸುದ್ದಿ 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿತು. ಬ್ರಿಟಿಷರು ಜನರ ಆಯುಧ ಕಸಿಯಹೊರಟಾಗ ಹಲಗಲಿಯ ಬೇಡರು ತಿರುಗಿಬಿದ್ದರು. ಹಡಗಲಿಯಿಂದ ಹೊಳೆಯಾಚೆಗಿನ ಮುಂಡರಗಿಯ ಭೀಮರಾಯರು 1858ರಲ್ಲಿ ಕೊಪ್ಪಳ ಕೋಟೆಯಲ್ಲಿ ಮಡಿದರು.

ಅದೇ ವರ್ಷ ಮಿನಿಯೆ ಕರ್ನಲ್ ಆಗಿ ನಿವೃತ್ತರಾದರು. ಆಮೇಲೆ ಕೈರೋದ ಸೈನಿಕ ಶಾಲೆಯಲ್ಲಿ ಕಲಿಸಿದರು, 1879ರಲ್ಲಿ ತೀರಿಕೊಂಡರು. ಎನ್‌ಫೀಲ್ಡಿನ ಕೊಬ್ಬನ್ನು ಆರಿಸಿದ್ದು ಅವರಲ್ಲ. ಆರಿಸಿದವರು ಕರಗುವ ಬಿಂದು ನೋಡಿದರು, ಕಚ್ಚುವವರ ನಂಬಿಕೆ ನೋಡಲಿಲ್ಲ. ನಾವು ಡಿಸೈನ್ ಮಾಡುವಾಗ ಎರಡನ್ನೂ ನೋಡೋಣ.