ಗಾಜಿನ ಮುಪ್ಪನ್ನು ಅಳೆದ ಜೂಲ್

ಶಾಲೆಯ ವಿಜ್ಞಾನ ಪುಸ್ತಕ ಓದಿದವರಿಗೆಲ್ಲ ಜೂಲ್ ಎಂಬ ಹೆಸರು ಪರಿಚಿತ. ಶಕ್ತಿಯನ್ನು ಅಳೆಯುವ ಏಕಮಾನಕ್ಕೆ ಇಟ್ಟಿರುವುದು ಇಂಗ್ಲೆಂಡಿನ ಭೌತವಿಜ್ಞಾನಿ ಜೇಮ್ಸ್ ಪ್ರೆಸ್ಕಾಟ್ ಜೂಲ್ ಅವರ ಹೆಸರನ್ನೇ. ಆದರೆ ಇದೇ ಜೂಲ್ ಒಂದು ಉಷ್ಣಮಾಪಕವನ್ನು 38 ವರ್ಷ ಗಮನಿಸಿ, ಗಟ್ಟಿಯಾದ ಮೇಲೂ ಗಾಜು ಬದಲಾಗುತ್ತಲೇ ಇರುತ್ತದೆ ಎಂಬುದನ್ನು ದಾಖಲಿಸಿದ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

1818ರ ಡಿಸೆಂಬರ್ 24ರಂದು ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ ಜೂಲ್ ಜನಿಸಿದರು. ತಂದೆ ಬಿಯರ್ ತಯಾರಿಸುವ ಶ್ರೀಮಂತ ಉದ್ಯಮಿ. ಬಾಲ್ಯದಲ್ಲಿ ದೇಹಪ್ರಕೃತಿ ದುರ್ಬಲವಾಗಿದ್ದುದರಿಂದ ಅವರಿಗೆ ಮನೆಪಾಠವೇ ಆಧಾರವಾಯಿತು. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಕೆಲಕಾಲ ಗುರುವಾಗಿದ್ದರು. ವಿಶ್ವವಿದ್ಯಾಲಯದ ಪದವಿಯನ್ನಾಗಲಿ ಪ್ರಾಧ್ಯಾಪಕ ಹುದ್ದೆಯನ್ನಾಗಲಿ ಜೂಲ್ ಪಡೆದವರಲ್ಲ. ಮನೆತನದ ಉದ್ಯಮದ ಜತೆಜತೆಗೇ ಪ್ರಯೋಗ ನಡೆಸಿದವರು.

ಕೆಲಸವೇ ಶಾಖವಾಗಿ ಮಾರ್ಪಡುತ್ತದೆ ಎಂಬುದು ಅವರ ಪ್ರತಿಪಾದನೆ. ಕೆಳಗಿಳಿಯುವ ತೂಕಗಳಿಂದ ನೀರಿನಲ್ಲಿ ಹುಟ್ಟುಚಕ್ರವನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅವರು ಅಳೆದರು. ಆ ಏರಿಕೆ ಒಂದು ಡಿಗ್ರಿ ಫ್ಯಾರನ್‌ಹೀಟ್‌ಗಿಂತಲೂ ಕಡಿಮೆ. 1843ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಸೇರಿದ್ದ ವಿದ್ವಾಂಸರು ಅವರ ವಾದಕ್ಕೆ ಕಿವಿಗೊಡಲಿಲ್ಲ. 1847ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ತರುಣ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವರು, ಆಸಕ್ತಿ ತೋರಿದ ಮೇಲಷ್ಟೇ ಗಾಳಿ ತಿರುಗಿತು.

ಇಷ್ಟು ಅಲ್ಪ ಏರಿಕೆಯ ಮೇಲೆ ಹೊಸ ಸಿದ್ಧಾಂತವೊಂದು ನಿಲ್ಲಬೇಕಾದರೆ ಉಷ್ಣಮಾಪಕ ನಂಬಿಕೆಗೆ ಅರ್ಹವಾಗಿರಬೇಕು. ಮ್ಯಾಂಚೆಸ್ಟರಿನ ಉಪಕರಣ ತಯಾರಕ ಜಾನ್ ಬೆಂಜಮಿನ್ ಡ್ಯಾನ್ಸರ್ ಅವರ ನೆರವಿನಿಂದ ಜೂಲ್ ಅತಿಸೂಕ್ಷ್ಮ ಮಾಪಕಗಳನ್ನು ಪಡೆದರು. ಆದರೂ ಅವರ ಸಂಶಯ ತೀರಲಿಲ್ಲ. 1844ರ ಏಪ್ರಿಲ್‌ನಲ್ಲಿ ಒಂದು ಮಾಪಕದ ಹಿಮಬಿಂದುವನ್ನು, ಅಂದರೆ ಕರಗುವ ಮಂಜುಗಡ್ಡೆಯಲ್ಲಿ ಪಾದರಸ ನಿಲ್ಲುವ ಮಟ್ಟವನ್ನು, ಗುರುತಿಸಿಕೊಂಡರು. ಆಮೇಲೆ ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ನೋಡುತ್ತ ಹೋದರು.

ಪಾದರಸ ನಿಂತಲ್ಲಿ ನಿಲ್ಲಲಿಲ್ಲ. 1846ರ ಫೆಬ್ರವರಿಯ ವೇಳೆಗೆ ಅದು ಐದೂವರೆ ಗೆರೆಯಷ್ಟು ಮೇಲೇರಿತ್ತು. 1860ರ ಕೊನೆಗೆ ಏರಿಕೆ 11.1 ಗೆರೆ, 1882ರ ಡಿಸೆಂಬರ್‌ನಲ್ಲಿ 13.26 ಗೆರೆ. ಆ ಮಾಪಕದಲ್ಲಿ 13 ಗೆರೆಗೆ ಒಂದು ಡಿಗ್ರಿ ಫ್ಯಾರನ್‌ಹೀಟ್. ಒಂದೇ ದಿನದ ಪ್ರಯೋಗಕ್ಕೆ ಇದರಿಂದ ಬಾಧಕವಿಲ್ಲ. ಆದರೆ ವರ್ಷಗಳ ಅಂತರದ ಅಳತೆಗಳನ್ನು ಹೋಲಿಸುವವರಿಗೆ, ಈ ಚಲನೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಮೋಸ ತಪ್ಪಿದ್ದಲ್ಲ.

ಬದಲಾದದ್ದು ಪಾದರಸವಲ್ಲ, ಅದನ್ನು ಹಿಡಿದಿದ್ದ ಗಾಜು. ಕರಗಿದ ಗಾಜು ತಣಿಯುವಾಗ ಅದರ ಪರಮಾಣುಗಳು ಹರಳಿನಂತೆ ಸಾಲುಗಟ್ಟುವುದಿಲ್ಲ. ತಕ್ಕ ಸ್ಥಾನ ದೊರೆಯುವ ಮೊದಲೇ ಸಿಕ್ಕಲ್ಲಿ ಬಂಧಿಯಾಗುತ್ತವೆ. ಬಳಿಕ ಅತಿ ನಿಧಾನವಾಗಿ ಹೊಂದಿಕೊಳ್ಳುತ್ತ ಹೋದಂತೆ ಗಾಜು ಕಿಂಚಿತ್ತು ಕುಗ್ಗುತ್ತದೆ. ಬುರುಡೆ ಕುಗ್ಗಿದಾಗ ಪಾದರಸ ಮೇಲೇರುತ್ತದೆ. ಮೊದಲು ಬಿರುಸು, ಆಮೇಲೆ ಮಂದ, ಆದರೆ ಪೂರ್ಣವಿರಾಮವಿಲ್ಲ.

ಸೋಡಾ ಮತ್ತು ಪೊಟ್ಯಾಷ್ ಎರಡೂ ಬೆರೆತ ಗಾಜಿನಲ್ಲಿ ಈ ದೋಷ ಹೆಚ್ಚೆಂಬುದು 1880ರ ದಶಕದಲ್ಲಿ ಜರ್ಮನಿಯಲ್ಲಿ ಖಚಿತವಾಯಿತು. ಯೇನಾ ನಗರದ ಒಟ್ಟೊ ಶಾಟ್ ಉಷ್ಣಮಾಪಕಕ್ಕೆಂದೇ ಬೇರೆ ಗಾಜನ್ನು ರೂಪಿಸಿದರು. 2013ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ವಿಜ್ಞಾನಿಗಳು, ಮೊಬೈಲ್ ಪರದೆಗೆ ಬಳಸುವ ಗಾಜು ಕೂಡ ಕೋಣೆಯ ಉಷ್ಣತೆಯಲ್ಲೇ ಕುಗ್ಗುವುದನ್ನು ಅಳೆದು ಪ್ರಕಟಿಸಿದರು. ಅಲ್ಲಿಯೂ ಕಂಡದ್ದು ಅದೇ ಮಂದವಾಗುತ್ತ ಸಾಗುವ ನಡೆ.

ಜೂಲ್ ಅವರ ಬದುಕು ಸುಖದ ಹಾದಿಯಾಗಿರಲಿಲ್ಲ. 1854ರಲ್ಲಿ ಪತ್ನಿ ಅಮೆಲಿಯಾ ತೀರಿಕೊಂಡರು. ಅದೇ ಸುಮಾರಿಗೆ ಮನೆತನದ ಉದ್ಯಮವೂ ಮಾರಾಟವಾಯಿತು. ಕೊನೆಗಾಲದಲ್ಲಿ ಹಣವೂ ಕರಗಿ, 1878ರಲ್ಲಿ ಸರಕಾರ ವರ್ಷಕ್ಕೆ 200 ಪೌಂಡ್ ಪಿಂಚಣಿ ಗೊತ್ತುಮಾಡಿತು. ಈ ಏರಿಳಿತಗಳ ನಡುವೆಯೂ ಮಂಜುಗಡ್ಡೆಯಲ್ಲಿ ಆ ಹಳೆಯ ಮಾಪಕವನ್ನು ಅದ್ದಿ ನೋಡುವುದನ್ನು ಅವರು ಕೈಬಿಡಲಿಲ್ಲ.

1889ರ ಅಕ್ಟೋಬರ್ 11ರಂದು ಸೇಲ್ ಪಟ್ಟಣದಲ್ಲಿ ಜೂಲ್ ನಿಧನರಾದರು. ಅವರ ಸಮಾಧಿಯ ಕಲ್ಲಿನ ಮೇಲೆ 772.55 ಎಂಬ ಸಂಖ್ಯೆಯನ್ನು ಕೆತ್ತಲಾಗಿದೆ. ಅದು ಕೆಲಸಕ್ಕೂ ಶಾಖಕ್ಕೂ ಇರುವ ಸಂಬಂಧವನ್ನು ಹೇಳುವ, ಅವರೇ ಅಳೆದ ಮೌಲ್ಯ. ಆ ಮೌಲ್ಯ ಅವರಿಗೆ ಕೀರ್ತಿ ತಂದಿತು. ತಮ್ಮ ಉಪಕರಣವನ್ನೇ ಸಂದೇಹಿಸುವ ಪ್ರಾಮಾಣಿಕತೆ ಆ ಕೀರ್ತಿಯ ಬುನಾದಿಯಾಗಿತ್ತು.